ವರ್ಚುವಲ್ ಮಷೀನ್‌ನಲ್ಲಿ ಸ್ಕ್ರೋಲಿಂಗ್ ಕಿರಿಕಿರಿ

ಮಾನ್ಯ ಸಂಪಾದಕರೇ,

ಒಂದೇ ಕಂಪ್ಯೂಟರಿನೊಳಗೆ ಮತ್ತೊಂದು ಆಪರೇಟಿಂಗ್ ಸಿಸ್ಟಂ ನಡೆಸುವ ವರ್ಚುವಲ್ ಮಷೀನ್ ತಂತ್ರಾಂಶಗಳಲ್ಲಿ ಮೌಸ್‌ನ ಚಕ್ರ ತಿರುಗಿಸಿದಾಗ ಪುಟವು ಒಮ್ಮೆ ಹಾರಿಹೋಗುವುದು, ಇನ್ನೊಮ್ಮೆ ಕದಲದೇ ಇರುವುದು ಅನೇಕರನ್ನು ಕಾಡುತ್ತಿದ್ದು, ಇದಕ್ಕಾಗಿ ಹೊಸ ಮೌಸ್ ಕೊಳ್ಳುವವರೂ ಇರುವುದು ಬೇಸರದ ಸಂಗತಿ.

ದೋಷ ಬಹುತೇಕ ಮೌಸ್‌ನದಲ್ಲ. ವಿಂಡೋಸ್‌ನಲ್ಲಿ ಚಕ್ರದ ಒಂದು ಹಂತದ ಚಲನೆಗೆ 120 ಎಂಬ ಮೌಲ್ಯ ನಿಗದಿಯಾಗಿದೆ. ಸೂಕ್ಷ್ಮ ಸ್ಕ್ರೋಲಿಂಗ್ ಸೌಲಭ್ಯವಿರುವ ಮೌಸ್‌ಗಳು ಅದಕ್ಕಿಂತ ಸಣ್ಣ ಮೌಲ್ಯಗಳನ್ನೂ ಕಳಿಸುತ್ತವೆ. ಒಳಗಿನ ಸಿಸ್ಟಂಗೆ ಹಳೆಯ ಪಿಎಸ್/2 ಮಾದರಿಯ ಮೌಸ್ ಕಾಣಿಸುತ್ತಿದ್ದರೆ ಪೂರ್ಣ ಹಂತಗಳನ್ನಷ್ಟೇ ದಾಟಿಸಲು ಸಾಧ್ಯವಾಗುವುದರಿಂದ, ಈ ಸಣ್ಣ ಚಲನೆಗಳು ಕಳೆದುಹೋಗಬಹುದು ಇಲ್ಲವೇ ಒಟ್ಟಾಗಿ ಜಿಗಿತವಾಗಬಹುದು.

ಆದ್ದರಿಂದ ವರ್ಚುವಲ್‌ಬಾಕ್ಸ್ ಎಂಬ ವರ್ಚುವಲ್ ಮಷೀನ್ ತಂತ್ರಾಂಶ ಬಳಸುವವರು ಮೊದಲು ಮಷೀನನ್ನು ಪೂರ್ತಿ ಶಟ್‌ಡೌನ್ ಮಾಡಿ, ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಪಾಯಿಂಟಿಂಗ್ ಡಿವೈಸ್ (ಒಳಗಿನ ಸಿಸ್ಟಂಗೆ ಕಾಣುವ ಮೌಸ್‌ನ ಬಗೆ) ಅನ್ನು ಯುಎಸ್‌ಬಿ ಟ್ಯಾಬ್ಲೆಟ್ ಎಂಬ ಆಯ್ಕೆಗೆ ಬದಲಿಸಿ, ಒಳಗಿನ ಸಿಸ್ಟಂನಲ್ಲಿ ಅಳವಡಿಸುವ ಗೆಸ್ಟ್ ಅಡಿಷನ್ಸ್ ಎಂಬ ಸಹಾಯಕ ತಂತ್ರಾಂಶದ ಆವೃತ್ತಿಯು ವರ್ಚುವಲ್‌ಬಾಕ್ಸ್‌ನ ಆವೃತ್ತಿಗೆ ಹೊಂದಿದೆಯೇ ಎಂದು ಪರೀಕ್ಷಿಸಬೇಕು. ಕ್ಯೂಎಂಯು ಎಂಬ ಇನ್ನೊಂದು ಇಂಥ ತಂತ್ರಾಂಶದಲ್ಲಿಯೂ ಯುಎಸ್‌ಬಿ ಟ್ಯಾಬ್ಲೆಟ್ ಆಯ್ಕೆ ಲಭ್ಯವಿದೆ. ಆಗಲೂ ಸರಿಹೋಗದಿದ್ದರೆ ಮೌಸ್ ತಯಾರಕರ ತಂತ್ರಾಂಶದಲ್ಲಿರುವ ಸ್ಮೂತ್ ಸ್ಕ್ರೋಲಿಂಗ್ ನಿಲ್ಲಿಸಿ ನೋಡಬಹುದು. ಪಾಯಿಂಟಿಂಗ್ ಡಿವೈಸ್‌ನಂಥ ಇಷ್ಟು ಮುಖ್ಯವಾದ ಆಯ್ಕೆಯನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿಡದೆ, ಹೊಸ ಮಷೀನ್ ರಚಿಸುವಾಗಲೇ ಬಳಕೆದಾರರ ಮುಂದಿಡಬೇಕೆಂದು ತಂತ್ರಾಂಶ ರೂಪಿಸುವವರನ್ನು ಒತ್ತಾಯಿಸುತ್ತೇನೆ.

– ಒಬ್ಬ ಓದುಗ