ಮುಧೋಳ ಮರಿ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಧೋಳ ಬೇಟೆನಾಯಿ ಮರಿ ತರಬೇಕೆಂದಿರುವ ನಮ್ಮ ಗುಂಪಿನ ಚಿಂತಾಮಣಿ, ಶಿಡ್ಲಘಟ್ಟದ ಸದಸ್ಯರು ಭಾನುವಾರ ಬೆಳಿಗ್ಗೆ 7ಕ್ಕೆ ಕೆರೆ ಏರಿ ಹತ್ತಿರ ಬನ್ನಿ.

ಎಂಟು ವಾರ ತುಂಬದ ಮರಿ ಬೇಡ. ತಾಯಿನಾಯಿ ನೋಡದೆ ಮುಂಗಡ ಕೊಡಲೇಬೇಡಿ. ಬೀಗದ ಕೈ ಗೊಂಚಲು ನೆಲಕ್ಕೆ ಹಾಕಿ ನೋಡಿ: ಬೆಚ್ಚಿದರೂ ತಿರುಗಿ ಮೂಸೋಕೆ ಬರುವ ಮರಿಯನ್ನೇ ಆರಿಸಿ.

ಮೊದಲು ಕಲಿಸಬೇಕಾದ್ದು ಓಟವಲ್ಲ, ‘ಬಾ’ ಎಂದರೆ ಬರೋದು. ಅಗಲ ಕೊರಳಪಟ್ಟಿಗೆ 10 ಮೀಟರ್ ಹಗ್ಗ ಕಟ್ಟಿ, ದಿನಕ್ಕೆರಡು ಸಲ ಐದೈದು ನಿಮಿಷ ಸಾಕು. ತಡವಾಗಿ ಬಂತೆಂದು ಬೈದರೆ ಮುಂದೆ ಹತ್ತಿರಕ್ಕೇ ಬರಲ್ಲ. ವರ್ಷ ತುಂಬೋವರೆಗೆ ಬೈಕ್ ಹಿಂದೆ ಓಡಿಸಬೇಡಿ, ಎಳೆ ಕೀಲು ಕೆಡುತ್ತೆ.

ಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ನಮ್ಮಲ್ಲಿ ಹಗ್ಗಕ್ಕೆ ಕಟ್ಟಿ ಎಳೆಯುವ ಬಟ್ಟೆಯ ಹಿಂದಷ್ಟೇ ಓಟ.

ಲಸಿಕೆ ಮುಗಿಯದ ಮರಿಯನ್ನು ಭಾನುವಾರ ಕೆರೆ ಏರಿಗೆ ಕರೆತರಬೇಡಿ, ಪಾರ್ವೋ ಎಂಬ ವೈರಸ್ ರೋಗ ಅಂಟುತ್ತೆ. ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ.