ಮಗಳಿಗೊಂದು ಪತ್ರ: ಕಪಿಲೆಯ ಹಳೇ ಸೇತುವೆ

ಪುಟ್ಟಿ,

ನೀನು ಟ್ರೈನಿಂಗಿಗೆ ಹೊರಟ ಬೆಳಗ್ಗೆ ಮನೆಯಲ್ಲಿ ಆದ ಮಾತನ್ನೆಲ್ಲ ಮತ್ತೆ ಬರೆಯುವುದಿಲ್ಲ. ಜೋರಾಗಿ ಮಾತಾಡಿದೆ, ಬೇಜಾರು ಮಾಡಿಕೊಳ್ಳಬೇಡ. ಸ್ಟೇಷನ್ ಮಾಸ್ಟರ್ ಕೆಲಸ ಬೇಡ ಅಂದದ್ದು ನೀನು ಹೆಣ್ಣು ಅಂತಲ್ಲ. ರೈಲು ಅಂದರೆ ನನಗೆ ಇವತ್ತಿಗೂ ನಂಜನಗೂಡಿನಲ್ಲಿ ಕಪಿಲಾ ಹೊಳೆ ಮೇಲಿರುವ ಹಳೇ ಸೇತುವೆ.

ನೀನು ನೋಡಿದ್ದು ರೈಲು ನಿಂತುಹೋದ ಸೇತುವೆ. ಅಗಲ ಹಳಿಯ ಬ್ರಾಡ್‌ಗೇಜ್‌ಗೆ ಬೇರೆ ಸೇತುವೆ ಕಟ್ಟಿದರಲ್ಲ. ಹಳೆಯದು 1735ರದ್ದು, ಮೈಸೂರು ಅರಸರ ಸೇನಾಪತಿ ದಳವಾಯಿ ದೇವರಾಜ ಕಟ್ಟಿಸಿದ್ದು. ರೈಲು ಅನ್ನುವ ಹೆಸರೇ ಯಾರಿಗೂ ಗೊತ್ತಿಲ್ಲದ ಕಾಲ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. ಆಮೇಲೆ ಅದೇ ಕಲ್ಲಿನ ಕಮಾನುಗಳ ಮೇಲೆ ಹಳಿ ಬಿತ್ತು. 1926ರಲ್ಲಿ ಚಾಮರಾಜನಗರದವರೆಗೂ ಹೋಯಿತು. ಒಂದೇ ಸೇತುವೆ, ಅದರಲ್ಲೇ ರಸ್ತೆ, ಅದರಲ್ಲೇ ರೈಲು.

ನಮ್ಮ ಮನೆ ಹೊಳೆಯ ಈಚೆ. ಸೋಮವಾರ ನಿನ್ನ ತಾತ ನನ್ನನ್ನು ದೇವಸ್ಥಾನಕ್ಕೆ ನಡೆಸಿಕೊಂಡು ಹೋಗುತ್ತಿದ್ದರು. ರೈಲು ಬಂದರೆ ನನ್ನನ್ನು ಪಕ್ಕದ ಗೋಡೆಗೆ ಒತ್ತಿ ತಾವು ಅಡ್ಡ ನಿಲ್ಲುತ್ತಿದ್ದರು. ಕಾಲ ಕೆಳಗೆ ಕಲ್ಲು ಅದುರುತ್ತಿತ್ತು. ಒಂದು ಮಳೆಗಾಲ, ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮುಂದೆ ಒಂದು ಎತ್ತಿನ ಗಾಡಿ. ಇಂಜಿನ್ನಿನ ಕೂಗಿಗೆ ಎತ್ತು ಬೆದರಿ ಹಳಿಯ ಕಡೆ ತಿರುಗಿತು. ತಾತ ನನ್ನ ಕೈ ಬಿಟ್ಟು ಓಡಿದರು. ಮೂಗುದಾರ ಹಿಡಿದು ಎಳೆದರು. ಎತ್ತಿಗೆ ಏನೂ ಆಗಲಿಲ್ಲ, ಗಾಡಿಯವನಿಗೂ ಆಗಲಿಲ್ಲ. ಊರಲ್ಲಿ ಎಲ್ಲರೂ ಹೊಗಳಿದರು. ನನಗೆ ಮಾತ್ರ ಕೈ ಬಿಟ್ಟದ್ದೇ ನೆನಪು. ರೈಲು ಹೋಗಿ ಮುಗಿಯುವವರೆಗೆ ಅವರು ಆ ಕಡೆ, ನಾನು ಈ ಕಡೆ. ಡಬ್ಬಿಗಳ ಸಂದಿನಲ್ಲಿ ಅವರ ಬಿಳಿ ಪಂಚೆ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಬಿಳಿ ಕಂಡರೆ ಉಸಿರು ಬಿಡುತ್ತಿದ್ದೆ.

ನೀನು ತಾತನ ಜಾತಿಯವಳು ಕಣೇ. ಎತ್ತು ಬೆದರಿದರೆ ಓಡುವವಳು. ಅದೇ ನನಗೆ ಹೆಮ್ಮೆ, ಅದೇ ಭಯ.

ನೋಡು, ಡ್ಯೂಟಿಯಲ್ಲಿ ಓಡಬೇಡ. ರೈಲಿಗೆ ದಾರಿ ಬಿಡುವ ಲೈನ್ ಕ್ಲಿಯರ್ ಕೊಡುವ ಮುಂಚೆ ಇನ್ನೊಂದು ಸಲ ನೋಡು. ರಾತ್ರಿ ಪಾಳಿಯಲ್ಲಿ ನಿದ್ದೆ ಬಂದರೆ ಎದ್ದು ಮುಖ ತೊಳಿ. ಫೋನು ದೂರ ಇಡು. ಹಳಿ ದಾಟುವಾಗ ಎರಡೂ ಕಡೆ ನೋಡು. ಇದನ್ನೆಲ್ಲ ಅಲ್ಲಿ ಹೇಳಿಕೊಟ್ಟೇ ಇರುತ್ತಾರೆ, ಗೊತ್ತು. ಆದರೂ.

ಪೋಸ್ಟಿಂಗ್ ಯಾವ ಸ್ಟೇಷನ್ ಅಂತ ಗೊತ್ತಾದ ಕೂಡಲೇ ತಿಳಿಸು. ಅಲ್ಲಿ ಯಾವ್ಯಾವ ಪ್ಯಾಸೆಂಜರ್ ನಿಲ್ಲುತ್ತೆ ಅಂತ ನೋಡೋಕೆ ನಿಮ್ಮಪ್ಪ ಈಗಲೇ ಟೈಮ್ ಟೇಬಲ್ ತಂದಿಟ್ಟಿದ್ದಾರೆ.

ಅಮ್ಮ