ಎಂಟೂಕಾಲು ಅಡಿ ದಾರಿಗೆ ಒಂದು ಥ್ಯಾಂಕ್ಸ್

ಕಳೆದ ಭಾನುವಾರ ಬೆಳಿಗ್ಗೆ ನಾವು ಏಳು ಜನ ಕಯಾಕ್, ಅಂದರೆ ಹುಟ್ಟು ಹಾಕುವ ಚಿಕ್ಕ ದೋಣಿ, ಹೆಗಲ ಮೇಲೆ ಹೊತ್ತುಕೊಂಡು ಮಹಾರಾಷ್ಟ್ರದ ಕುಂಡಲಿಕಾ ನದಿಗೆ ಇಳಿದೆವು. ಇದರಲ್ಲೇನು ವಿಶೇಷ ಅಂತ ಕೇಳಬಹುದು. ಹದಿನಾಲ್ಕು ತಿಂಗಳಾದ ಮೇಲೆ ನಮ್ಮ ಹಳೆಯ ದಾರಿಯಲ್ಲೇ ಇಳಿದೆವು, ಅದೇ ವಿಶೇಷ. ಅಷ್ಟು ದಿನ ಆ ದಾರಿಗೆ ಅಡ್ಡ ಕಬ್ಬಿಣದ ಗೇಟು, ಗೇಟಿಗೆ ಬೀಗ, ಎರಡೂ ಕಡೆ ಮುಳ್ಳುತಂತಿ. ಈಗ ಗೇಟು ಇಲ್ಲ. ಅದನ್ನು ನಿಲ್ಲಿಸಿದ್ದ ಗುಂಡಿಗಳು ಮಾತ್ರ ಇವೆ, ನೋಡಿಕೊಂಡು ನಡೆಯಬೇಕು.

ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ವಾರ ಅಲ್ಲಿ ನಲವತ್ತು ಕಾರು ನಿಲ್ಲುತ್ತವೆ. ಜನರ ಹೆಸರನ್ನೂ ಬರೆಯುವುದಿಲ್ಲ, ಹಾಗಂತ ಅವರೇ ಹೇಳಿದ್ದಾರೆ. ಆದರೆ ಥ್ಯಾಂಕ್ಸ್ ಹೇಳದೆ ಇರೋಕೆ ಆಗುವುದಿಲ್ಲ ಅಲ್ವಾ?

ನಮ್ಮದು ದೊಡ್ಡ ಸಂಸ್ಥೆಯೇನಲ್ಲ. ಪುಣೆಯಲ್ಲಿರುವ ಹನ್ನೊಂದು ಜನರ ಗುಂಪು, ಅದರಲ್ಲಿ ಆರು ಜನ ಕನ್ನಡದವರು. ಬೀದರಿನವನೊಬ್ಬ, ಧಾರವಾಡದವರಿಬ್ಬರು, ಶಿರಸಿಯ ಅಕ್ಕತಂಗಿಯರು, ಮತ್ತೆ ನಾನು, ಅಫಜಲಪುರ ತಾಲ್ಲೂಕಿನವಳು. ಶನಿವಾರ ರಾತ್ರಿ ಬುತ್ತಿ ಕಟ್ಟುವುದು, ಭಾನುವಾರ ನಸುಕಿನಲ್ಲಿ ತಾಮ್ಹಿಣಿ ಘಾಟ್ ಇಳಿದು ಕುಂಡಲಿಕಾ ದಂಡೆಯ ಕೋಲಾಡ್ ಸೇರುವುದು. ಕೋಲಾಡ್‌ಗೆ ಸುಮಾರು 110 ಕಿಲೋಮೀಟರ್. ಅವ್ವ ಫೋನಿನಲ್ಲಿ ಪ್ರತಿ ಸಲವೂ ಅದೇ ಮಾತು ಹೇಳುತ್ತಾಳೆ: "ಹೊಳ್ಯಾಗ ನೀರಿಲ್ಲದ ಊರಾಗ ಹುಟ್ಟಿ, ಮಂದಿ ಹೊಳ್ಯಾಗ ಆಡಾಕ ಹೊಂಟಿ."

ಅವ್ವನಿಗೆ ಒಂದು ವಿಷಯ ಗೊತ್ತಿಲ್ಲ. ನನಗೂ ಎರಡು ವರ್ಷದ ಹಿಂದೆ ಗೊತ್ತಿರಲಿಲ್ಲ. ಆ ನೀರು ಅರ್ಧ ನಮ್ಮ ಹೊಳೆಯದೇ.

ತಾಮ್ಹಿಣಿಗೆ ಹೋಗುವ ದಾರಿಯಲ್ಲಿ ಮುಳಶಿಯ ದೊಡ್ಡ ಕೆರೆಯಂಥ ಹಿನ್ನೀರು ಸಿಗುತ್ತದೆ. ಅದು ಮುಳಾ ನದಿಗೆ ಟಾಟಾ ಕಂಪನಿ ಕಟ್ಟಿದ ಅಣೆಕಟ್ಟು. ಮುಳಾ ತಾನಾಗಿ ಹರಿದರೆ ಪೂರ್ವಕ್ಕೆ ಹೋಗಿ ಪುಣೆಯಲ್ಲಿ ಮುಠಾಳನ್ನು ಕೂಡಿ, ಆಮೇಲೆ ಭೀಮಾ ಸೇರಿ, ಉಜನಿ, ಪಂಢರಪುರ ದಾಟಿ ನಮ್ಮ ಕಡೆಗೆ ಬರುತ್ತದೆ. ಗಾಣಗಾಪುರದಲ್ಲಿ ಸಂಗಮದ ಸ್ನಾನ ಮಾಡುತ್ತೇವಲ್ಲ, ಅದೇ ಭೀಮಾ. ಆದರೆ ಮುಳಶಿಯಲ್ಲಿ ನಿಂತ ನೀರನ್ನು ಪಶ್ಚಿಮಕ್ಕೆ ತಿರುಗಿಸಿ, ಪೈಪಿನಲ್ಲಿ ಸುಮಾರು 500 ಮೀಟರ್ ಕೆಳಗೆ ಭಿರಾ ವಿದ್ಯುತ್ ಕೇಂದ್ರಕ್ಕೆ ಬೀಳಿಸುತ್ತಾರೆ. ಭಿರಾ 1927ರಿಂದ ನಡೆಯುತ್ತಿದೆ. ಅಲ್ಲಿಂದ ಹೊರಬಿದ್ದ ನೀರೇ ಕುಂಡಲಿಕಾಗೆ ಇಳಿಯುತ್ತದೆ. ಅದಕ್ಕೇ ಏಪ್ರಿಲ್ ತಿಂಗಳಲ್ಲಿ ಸಹ್ಯಾದ್ರಿಯ ಹಳ್ಳಗಳೆಲ್ಲ ಒಣಗಿದಾಗಲೂ ಕೋಲಾಡ್‌ನಲ್ಲಿ ಬೆಳಿಗ್ಗೆ ಅಲೆ ಏಳುತ್ತದೆ. ಕರೆಂಟು ಬೇಕಾದಾಗ ನೀರು, ನೀರು ಬಂದಾಗ ನಾವು. ಮಧ್ಯಾಹ್ನದ ಹೊತ್ತಿಗೆ ಇಳಿದುಬಿಡುತ್ತದೆ, ಬಂಡೆಗಳು ಬೆನ್ನು ತೋರಿಸುತ್ತವೆ. ದಾಂಡೇಲಿಯ ಕಾಳಿಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲಿ ಸೂಪಾ ಅಣೆಕಟ್ಟು, ಇಲ್ಲಿ ಮುಳಶಿ.

ಅಮೆರಿಕದ ಗಾಲಿ ನದಿಯಲ್ಲಿ ಅಣೆಕಟ್ಟಿನಿಂದ ದೋಣಿಯವರಿಗಾಗಿ ನೀರು ಬಿಡಬೇಕು ಅಂತ 1986ರಲ್ಲಿ ಕಾನೂನೇ ಆಯಿತು. ನಮಗೆ ಅಂಥದ್ದೇನೂ ಇಲ್ಲ. ಸಿಕ್ಕಷ್ಟು ನೀರು, ಸಿಕ್ಕಷ್ಟು ಹೊತ್ತು.

ಈ ಖುಷಿಯ ಅಡಿಯಲ್ಲಿ ಮುಳುಗಿದ ಊರುಗಳಿವೆ ಅನ್ನುವುದನ್ನೂ ಹೇಳಬೇಕು. ಮುಳಶಿ ಅಣೆಕಟ್ಟಿನ ವಿರುದ್ಧ 1921ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟ್ ಅವರ ಜೊತೆ ರೈತರು ಸತ್ಯಾಗ್ರಹ ಮಾಡಿದ್ದರು. ಗೆಲ್ಲಲಿಲ್ಲ. ಘಾಟ್ ರಸ್ತೆಯಲ್ಲಿ ಚಹಾ ಕುಡಿಯೋಕೆ ನಿಂತಾಗ ಆ ನೀರನ್ನು ನೋಡಿದರೆ ಸುಮ್ನೆ ಚಂದ ಅನ್ನೋಕೆ ಮನಸ್ಸು ಬರುವುದಿಲ್ಲ.

ಇನ್ನು ಗೇಟಿನ ವಿಷಯ.

ಹೋದ ವರ್ಷ ಅಕ್ಟೋಬರಿನಲ್ಲಿ ದಂಡೆಯ ಪಕ್ಕದ ಮಾವಿನ ತೋಟದವರು ದಾರಿ ಮುಚ್ಚಿದರು. ನಾವು ನೀರಿಗಿಳಿಯುತ್ತಿದ್ದದ್ದು ಅದೊಂದೇ ಕಡೆ. ಮೇಲೆ ಹೋದರೆ ಬಂಡೆಯ ಇಳಿಜಾರು, ಕೆಳಗೆ ಹೋದರೆ ಒಳ್ಳೆಯ ಅಲೆಗಳೆಲ್ಲ ಮುಗಿದಿರುತ್ತವೆ. ನಾವು ಪುಣೆಯ ಜನ ಮಾಡುವುದನ್ನೇ ಮಾಡಿದೆವು. ಆನ್‌ಲೈನ್ ಅರ್ಜಿ ಬರೆದೆವು, ಸಹಿ ಕೂಡಿಸಿದೆವು, ಗೇಟಿನ ಮುಂದೆ ದೋಣಿ ಹಿಡಿದು ಸಪ್ಪೆ ಮುಖದ ಫೋಟೋ ತೆಗೆಸಿಕೊಂಡೆವು. ಐದು ತಿಂಗಳು ಹೀಗೇ ಹೋಯಿತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅಷ್ಟು ದಿನ ಆ ಊರಿನ ಒಬ್ಬರನ್ನಾದರೂ 'ನಿಮಗೂ ಕಷ್ಟ ಆಗಿದೆಯಾ' ಅಂತ ಕೇಳಿರಲಿಲ್ಲ.

ಮೊದಲ ಥ್ಯಾಂಕ್ಸ್ ನಮ್ಮ ವಕೀಲ ಗೆಳತಿಗೆ, ಧಾರವಾಡದವಳಿಗೆ. ನಾನು ಅವಳ ಮುಂದೆ ದೊಡ್ಡ ಭಾಷಣ ಮಾಡಿದ್ದೆ. ಬಿಯಾಸ್ ನದಿಯ ದಂಡೆಯ ಹೋಟೆಲಿನ ಬಗ್ಗೆ ಎಂ.ಸಿ. ಮೆಹ್ತಾ ಹೆಸರಿನಲ್ಲಿರುವ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನದಿ ಎಲ್ಲ ಜನರದ್ದು, ಸರಕಾರ ಅದನ್ನು ಜನರ ಪರವಾಗಿ ಕಾಯುವುದಷ್ಟೇ ಅಂತ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ನದಿ ಎಲ್ಲರದು, ಸರಿ. ಮಹಾರಾಷ್ಟ್ರದ ಭೂಕಂದಾಯ ಕಾಯ್ದೆಯಲ್ಲೂ ನದಿಪಾತ್ರ ಸರಕಾರದ್ದೇ. ಆದರೆ ನೀನು ನದಿಗೆ ಆಕಾಶದಿಂದ ಇಳೀತೀಯಾ?" ಅಂದಳು.

ನಾವು ನದಿಗಾಗಿ ಜಗಳ ಆಡುತ್ತಿದ್ದೆವು. ಬೀಗ ಬಿದ್ದದ್ದು ನದಿಗಲ್ಲ, ದಾರಿಗೆ.

ಎರಡನೆಯ ಥ್ಯಾಂಕ್ಸ್ ಎಂಬತ್ತು ದಾಟಿದ ಒಬ್ಬ ಅಜ್ಜನಿಗೆ. ಗುಂಪಿನ ಒಬ್ಬನ ಹೆಂಡತಿಯ ಅಜ್ಜ, ಚಿಕ್ಕೋಡಿ ಕಡೆಯವರು, ಈಗ ಪುಣೆಯ ಕೊಥ್ರೂಡ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಅವರ ತಂದೆ ಊರಿನ ಲೆಕ್ಕ ಬರೆಯುವ ಕುಲಕರ್ಣಿ. 1956ರವರೆಗೆ ಬೆಳಗಾವಿ ಮುಂಬೈ ರಾಜ್ಯದಲ್ಲೇ ಇತ್ತಲ್ಲ, ಹಾಗಾಗಿ ಅಜ್ಜನಿಗೆ ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿಯೂ ಗೊತ್ತು, ಆ ಕಾಲದ ಕಂದಾಯದ ಮಾತುಗಳೂ ಗೊತ್ತು. ಊಟಕ್ಕೆ ಕೂತಾಗ ಈ ಗೇಟಿನ ಕತೆ ಕೇಳಿ, "ಮಾಮಲೇದಾರರ ಹತ್ರ ಹೋಗಿದ್ರೇನು?" ಅಂದರು. ನಾವು ನಕ್ಕೆವು. ಮಾಮಲೇದಾರ ಅಂದರೆ ಈಗಿನ ತಹಶೀಲ್ದಾರ; ಆ ಪದವನ್ನು ಕೇಳಿಯೇ ಎಷ್ಟು ವರ್ಷ ಆಗಿತ್ತೋ! ವಕೀಲ ಗೆಳತಿ ಮಾತ್ರ ನಗಲಿಲ್ಲ, ಕೈ ತೊಳೆದು ಫೋನು ತೆಗೆದಳು. 1906ರ ಮಾಮಲೇದಾರ ಕೋರ್ಟುಗಳ ಕಾಯ್ದೆ ಇವತ್ತಿಗೂ ಮಹಾರಾಷ್ಟ್ರದಲ್ಲಿ ಜೀವಂತವಾಗಿದೆ. ಹೊಲಕ್ಕೆ, ಗೋಮಾಳಕ್ಕೆ ಹೋಗುವ ರೂಢಿಯ ದಾರಿಗೆ ಯಾರಾದರೂ ಅಡ್ಡ ಹಾಕಿದರೆ ಅದರ 5ನೇ ಕಲಮಿನ ಕೆಳಗೆ ತಹಶೀಲ್ದಾರರೇ ತೆಗೆಸಬಹುದು. ಆದರೆ ತಡೆ ಬಿದ್ದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು.

ಐದು ತಿಂಗಳು ಆಗಲೇ ಮುಗಿದಿತ್ತು. ಉಳಿದಿದ್ದದ್ದು ಮೂರು ವಾರ.

ಇನ್ನೊಂದು ತೊಡಕು. ಆ ಕಲಮಿನಲ್ಲಿ ಬೇಸಾಯ ಇದೆ, ದನ ಮೇಯಿಸುವುದಿದೆ, ಮೀನುಗಾರಿಕೆ ಇದೆ. ಕಯಾಕ್ ಇಲ್ಲ. ಅಂದರೆ ನಮಗೆ ಅರ್ಜಿ ಹಾಕೋಕೇ ಆಗುವುದಿಲ್ಲ. ಹಾಕಬೇಕಾದವರು ಆ ದಾರಿಯಲ್ಲಿ ದಿನವೂ ನಡೆಯುತ್ತಿದ್ದವರು, ಯಾರನ್ನು ನಾವು ಮೂರು ವರ್ಷದಿಂದ "ಹಲೋ ಆಜಿ" ಅಂದು ದಾಟಿ ಹೋಗುತ್ತಿದ್ದೆವೋ ಅವರು.

ಆ ಆಜಿಗೆ, ನಮ್ಮ ಮಾತಿನಲ್ಲಿ ಅಜ್ಜಿಗೆ, ದೊಡ್ಡ ಥ್ಯಾಂಕ್ಸ್. ಅವರ ಮನೆಯಲ್ಲಿ ಎರಡು ಎಮ್ಮೆ. ಗೇಟು ಹಾಕಿದ ಮೇಲೆ ನೀರು ಕುಡಿಸೋಕೆ ದಿನವೂ ಒಂದೂವರೆ ಕಿಲೋಮೀಟರ್ ಸುತ್ತುತ್ತಿದ್ದರು. ಮೀನು ಹಿಡಿಯುವ ಕಾತಕರಿ ಆದಿವಾಸಿ ಹೆಣ್ಣುಮಕ್ಕಳು ಬಂಡೆ ಹಿಡಿದು ಇಳಿಯುತ್ತಿದ್ದರು. ಒಬ್ಬಳು ಬಿದ್ದು ಕೈ ಮುರಿದುಕೊಂಡಿದ್ದಳು. ಇದು ಯಾವುದೂ ನಮ್ಮ ಆನ್‌ಲೈನ್ ಅರ್ಜಿಯಲ್ಲಿ ಇರಲಿಲ್ಲ. ತಹಶೀಲ್ದಾರರಿಗೆ ಬರೆದ ಅರ್ಜಿಗೆ ಆಜಿ ಹೆಬ್ಬೆಟ್ಟು ಒತ್ತಿದರು, ಆರು ಜನ ಕಾತಕರಿ ಹೆಣ್ಣುಮಕ್ಕಳು ಒತ್ತಿದರು. ನಮ್ಮ ಕೆಲಸ ಝೆರಾಕ್ಸ್ ಮಾಡಿಸುವುದು, ಟೈಪ್ ಮಾಡಿಸುವುದು, ಕಾರಿನಲ್ಲಿ ಕರೆದುಕೊಂಡು ಹೋಗುವುದು.

ಅಜ್ಜ ಊರಿನ ಹಳೆಯ ನಕಾಶೆ ತೆಗೆಸೋಕೆ ಹೇಳಿದರು. ಬಂದ ಮೇಲೆ ಭೂತಗನ್ನಡಿ ಹಿಡಿದು ಅರ್ಧ ದಿನ ಕೂತರು. ಜೋಡಿ ತುಂಡು ಗೆರೆ ಇದ್ದರೆ ಗಾಡಿ ದಾರಿ, ಒಂಟಿ ತುಂಡು ಗೆರೆ ಇದ್ದರೆ ಕಾಲುದಾರಿ, ಕಾಲುದಾರಿಗೆ ಅಗಲ ಎಂಟೂಕಾಲು ಅಡಿ. ಮಾವಿನ ತೋಟದ ಸರ್ವೆ ನಂಬರಿನ ಅಂಚಿನಲ್ಲಿ ಒಂಟಿ ತುಂಡು ಗೆರೆ, ಇರುವೆ ಸಾಲಿನ ಹಾಗೆ, ನದಿಯವರೆಗೆ ಹೋಗಿತ್ತು. ಅಜ್ಜ ಪೆನ್ಸಿಲ್ಲಿನಲ್ಲಿ ತೋರಿಸಿ, "ಇದ್ರ ಮ್ಯಾಲೆ ನಡದವರು ಯಾರೂ ಈಗಿಲ್ಲ ನೋಡು, ಗೆರಿ ಅದ" ಅಂದರು.

ಸ್ಥಳ ಪಂಚನಾಮೆ ಆಗಿದ್ದು ಸೆಪ್ಟೆಂಬರಿನಲ್ಲಿ. ಕೊಂಕಣದ ಒಂದು ಮಳೆಗಾಲ ಸಾಕು, ಕಾಲುದಾರಿ ಇತ್ತು ಅನ್ನುವುದಕ್ಕೆ ಗುರುತೇ ಉಳಿಯುವುದಿಲ್ಲ. ಎದೆಮಟ್ಟ ಹುಲ್ಲು. ಬಂದ ಅಧಿಕಾರಿ ನಕಾಶೆ ಹಿಡಿದು ಅತ್ತ ಇತ್ತ ನೋಡಿದರು. ತೋಟದವರ ಕಡೆಯ ವಕೀಲರು, "ದಾರಿ ಎಲ್ಲಿದೆ ತೋರಿಸಿ" ಅಂದರು. ನಮ್ಮವರೆಲ್ಲ ಒಂದೇ ಸಲ ಮಾತಾಡಿ ಗದ್ದಲ ಮಾಡಿದರು. ಆಜಿ ಮಾತಾಡಲಿಲ್ಲ. ಮನೆಗೆ ಹೋಗಿ ಹಳೆಯ ಎಮ್ಮೆಯ ಹಗ್ಗ ಬಿಚ್ಚಿದರು. "ಮಲಾ ಕಾಯ ವಿಚಾರ್ತಾ, ಮ್ಹಸೀಲಾ ವಿಚಾರಾ." ನನ್ನನ್ನೇನು ಕೇಳ್ತೀರಿ, ಎಮ್ಮೆಯನ್ನು ಕೇಳಿ.

ಎಮ್ಮೆ ಅವಸರ ಮಾಡಲಿಲ್ಲ. ಒಂದು ಬೇಲಿ ಮೂಸಿತು, ಸೆಗಣಿ ಹಾಕಿತು, ನಮಗೆಲ್ಲ ಉಸಿರು ಹಿಡಿಸಿತು. ಆಮೇಲೆ ಹುಲ್ಲಿನೊಳಗೆ ನುಗ್ಗಿ ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿ, ಸೀದಾ ಹೋಗಿ ಗೇಟಿಗೆ ಮೂತಿ ಇಟ್ಟು ನಿಂತಿತು. ನಕಾಶೆಯ ಗೆರೆ ತಿರುಗಿದಲ್ಲೇ ಅದೂ ತಿರುಗಿತ್ತು. ಅಧಿಕಾರಿ ನಕ್ಕರು. ತೋಟದವರ ವಕೀಲರೂ ನಕ್ಕುಬಿಟ್ಟರು. ಪಂಚನಾಮೆಯಲ್ಲಿ "ಜಾನುವಾರು ಓಡಾಟದ ರೂಢಿ ಕಂಡುಬಂದಿದೆ" ಅಂತ ಒಂದು ಸಾಲು ಸೇರಿತು. ಸರಕಾರಿ ಕಾಗದದಲ್ಲಿ ನಾನು ಓದಿದ ಅತಿ ಒಳ್ಳೆಯ ಸಾಲು ಅದು.

ನವೆಂಬರಿನಲ್ಲಿ ಆದೇಶ ಬಂತು. ಅದರಲ್ಲಿ ನಮ್ಮ ಗುಂಪಿನ ಹೆಸರು ಎಲ್ಲೂ ಇಲ್ಲ.

ಈಗ ಹೇಳುವುದು ನಮ್ಮಲ್ಲಿ ಕೆಲವರಿಗೆ ಹಿಡಿಸಲಿಕ್ಕಿಲ್ಲ. ತೋಟದವರಿಗೂ ಥ್ಯಾಂಕ್ಸ್. ಅವರು ಮೇಲ್ಮನವಿಗೆ ಹೋಗಬಹುದಿತ್ತು, ಹೋಗಲಿಲ್ಲ. ಬೀಗವನ್ನು ತಾವೇ ತೆಗೆದರು. ಅವತ್ತು ಚಹಾ ಕೊಟ್ಟು ಅವರು ಹೇಳಿದ್ದನ್ನು ಕೇಳಿದ ಮೇಲೆ, ಗೇಟು ಹಾಕಿದ್ದು ತಪ್ಪಾದರೂ ಸಿಟ್ಟು ತಪ್ಪಲ್ಲ ಅನಿಸಿತು. ವಾರಾಂತ್ಯಕ್ಕೆ ಬರುವ ಜನ ಮಾವಿನ ಮರದ ಕೆಳಗೆ ಬಟ್ಟೆ ಬದಲಿಸುತ್ತಿದ್ದರು, ಬಿಯರ್ ಬಾಟಲಿ ಒಡೆಯುತ್ತಿದ್ದರು, ಸ್ಪೀಕರ್ ಹಚ್ಚುತ್ತಿದ್ದರು. ಅವರ ಕೆಲಸದವನ ಕಾಲಿಗೆ ಗಾಜು ಹೊಕ್ಕಿತ್ತು. ಎಲ್ಲಕ್ಕಿಂತ ಜಾಸ್ತಿ ಭಯ ಬೇರೆಯದು: ಯಾರಾದರೂ ಮುಳುಗಿದರೆ ಪೊಲೀಸರು ಮೊದಲು ಬರುವುದು ಅವರ ಮನೆಗೆ. ಬಾಟಲಿ ನಮ್ಮದಲ್ಲ ಅಂತ ನಾವು ಹೇಳಬಹುದು. ಆದರೆ ಆ ಜಾಗದ ವಿಡಿಯೋ ಹಾಕಿ ಊರಿಗೆಲ್ಲ ತೋರಿಸಿದವರು ನಾವೇ. ಅದನ್ನು ಈಗ ಅಳಿಸಿದ್ದೇವೆ.

ರಾಫ್ಟಿಂಗ್ ನಡೆಸುವವರಿಗೂ ಋಣಿ. ಹದಿನಾಲ್ಕು ತಿಂಗಳು ನಮ್ಮನ್ನು ತಮ್ಮ ಜಾಗದಿಂದ ದುಡ್ಡು ಕೇಳದೆ ಇಳಿಯೋಕೆ ಬಿಟ್ಟವರೂ ಅವರಲ್ಲಿದ್ದಾರೆ. ಅಲ್ಲಿ ಸಾಲು ಜಾಸ್ತಿ, ನಮ್ಮ ಸರದಿ ಬರುವಷ್ಟರಲ್ಲಿ ನೀರು ಇಳಿಯುತ್ತಿತ್ತು, ಆದರೂ ರೂಢಿ ತಪ್ಪಲಿಲ್ಲ. ಅವರ ಗೈಡ್ ಹುಡುಗರು ಆ ಊರುಗಳವರೇ. ಥ್ರೋ ಬ್ಯಾಗ್, ಅಂದರೆ ನೀರಿಗೆ ಬಿದ್ದವರಿಗೆ ಎಸೆಯುವ ಹಗ್ಗದ ಚೀಲ, ಎಸೆಯುವುದನ್ನು ನನಗೆ ಸರಿಯಾಗಿ ಕಲಿಸಿದ್ದು ಅವರಲ್ಲೊಬ್ಬ. ನನ್ನ ಹಗ್ಗ ಅಲ್ಲಿಯವರೆಗೆ ಮುಳುಗುವವನ ತಲೆಯ ಮೇಲೆ ಬೀಳುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ.

ತಹಶೀಲ್ದಾರ್ ಕಚೇರಿಯ ಜವಾನರಿಗೆ, ವಿಚಾರಣೆಯ ಪ್ರತಿ ತಾರೀಖಿನ ಹಿಂದಿನ ದಿನ ಆಜಿಗೆ ಫೋನ್ ಮಾಡಿ ನೆನಪಿಸಿದ್ದಕ್ಕೆ. ಬೀದರಿನ ಹುಡುಗನಿಗೆ, ಹನ್ನೊಂದು ತಾರೀಖಿಗೂ ರಜೆ ಹಾಕಿ ಕಾರು ಓಡಿಸಿದ್ದಕ್ಕೆ. ಮನೆಯವರಿಗೆಲ್ಲ, ಬೈದದ್ದಕ್ಕೂ ಬುತ್ತಿ ಕಟ್ಟಿದ್ದಕ್ಕೂ.

ಭಾನುವಾರದ ಮೊದಲ ಅಲೆಯಲ್ಲೇ ನಾನು ಮಗುಚಿಬಿದ್ದೆ. ಹದಿನಾಲ್ಕು ತಿಂಗಳು ಈಜುಕೊಳದಲ್ಲಿ ಕಲಿತ ರೋಲ್, ಅಂದರೆ ಮಗುಚಿದ ದೋಣಿಯನ್ನು ಕೂತಲ್ಲೇ ಮತ್ತೆ ಎತ್ತುವ ಪಟ್ಟು, ಹರಿಯುವ ನೀರಿನಲ್ಲಿ ಕೈ ಕೊಟ್ಟಿತು. ತಲೆಕೆಳಗಾಗಿ ನೇತಾಡುತ್ತಾ ಎರಡು ಸಲ ಪ್ರಯತ್ನಿಸಿ, ದೋಣಿಯ ಬಾಯಿಗೆ ಬಿಗಿಯುವ ಸ್ಕರ್ಟ್ ಎಳೆದು ಹೊರಬಂದೆ. ಮೂಗಿನ ತುಂಬ ನೀರು. ತಣ್ಣಗೆ, ಸ್ವಲ್ಪ ಮಣ್ಣಿನ ವಾಸನೆ. ಅವ್ವನಿಗೆ ಸಂಜೆ ಫೋನ್ ಮಾಡಿ, "ನಮ್ಮ ಹೊಳಿ ನೀರು ಕುಡದ ಬಂದೆ" ಅಂದೆ. ಅವಳಿಗೆ ಮುಳಶಿಯ ಕತೆಯೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಸ್ವಲ್ಪ ಇತ್ಲಾಗ ಕಳಿಸ್ರಿ" ಅಂದಳು.

ಗುಂಪಿನವರಿಗೆ, ಮತ್ತೆ ನಮ್ಮ ಜೊತೆ ಬರುವವರಿಗೆ ಕೊನೆಯದಾಗಿ ಒಂದಿಷ್ಟು. ಕಾರು ಶಾಲೆಯ ಬಯಲಿನಲ್ಲೇ ನಿಲ್ಲಿಸಿ. ಬಟ್ಟೆ ಮನೆಯಲ್ಲೇ ಬದಲಿಸಿ ಬನ್ನಿ. ಲೈಫ್ ಜಾಕೆಟ್ ಇಲ್ಲದವರು ಚಹಾ ಕುಡಿದು ವಾಪಸ್ ಹೋಗಬಹುದು. ಬರುವ ಭಾನುವಾರ ದಾರಿಯ ಹುಲ್ಲು ಕೊಯ್ಯುವುದಿದೆ, ಕುಡುಗೋಲು ತನ್ನಿ. ಕೊಯ್ದ ಹುಲ್ಲು ಆಜಿಯ ಮನೆಗೆ. ದಾರಿಯಲ್ಲಿ ಎಮ್ಮೆ ಎದುರಾದರೆ ದೋಣಿ ಕೆಳಗಿಟ್ಟು ಪಕ್ಕಕ್ಕೆ ನಿಲ್ಲಿ.